ಬಸವಪ್ರಭು ಮತ್ತು ಅವ್ವ ಬಿಟ್ಟ ಮೊಸರು

ಬಸವಪ್ರಭು ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಹರಿಹರದಲ್ಲಿ ತೀರಿಕೊಂಡ. ಹೃದಯಾಘಾತ. ಐವತ್ತೆಂಟು ವರ್ಷವಾಗಿತ್ತು.

ದಾವಣಗೆರೆಯ ಮಂಡಿಪೇಟೆಯಲ್ಲಿ ಅವನದು ಔಷಧಿ ಅಂಗಡಿ. ಮೂವತ್ತು ವರ್ಷ ಅದೇ ಕೌಂಟರಿನ ಹಿಂದೆ ನಿಂತಿದ್ದ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ನಾನು ಹೋಗಿ ಕೂರುತ್ತಿದ್ದ ಸ್ಟೂಲು ಈಗಲೂ ಅಲ್ಲೇ ಇದೆ. ಮೊನ್ನೆ ಅವನ ಹೆಂಡತಿ ಅಂಗಡಿ ತೆರೆದಿದ್ದರು. ಹೋದೆ. ಕೂರಲಾಗಲಿಲ್ಲ, ಬಂದುಬಿಟ್ಟೆ.

ಈಚಿನ ನಾಲ್ಕೈದು ವರ್ಷಗಳಿಂದ ಜನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಬಗ್ಗೆ ಮೊಬೈಲಿನಲ್ಲಿ ನೋಡಿಕೊಂಡು ಬಂದು, ಅವು ತುಂಬಿದ ಪ್ರೊಬಯಾಟಿಕ್ ಔಷಧಿ ಕೇಳುತ್ತಿದ್ದರು. ಮೆಕ್ಕೆಜೋಳದ ವ್ಯಾಪಾರಿ ಕೆಂಚವೀರಪ್ಪ ಬಂದ ದಿನ ನಾನೂ ಇದ್ದೆ.

"ಯಾವುದ್ರಾಗೆ ಜಾಸ್ತಿ ಕೋಟಿ ಬ್ಯಾಕ್ಟೀರಿಯಾ ಅದಾವೋ ಅದನ್ನ ಕೊಡಪ."

"ಇದು ಮೆಕ್ಕೆಜೋಳದ ಲೋಡ್ ಅಲ್ರಿ, ತೂಕ ನೋಡಿ ತಗಳಾಕೆ. ಏನಾಗೈತೆ ಹೇಳ್ರಿ ಮೊದ್ಲು."

"ಏನೂ ಆಗಿಲ್ಲ. ನಮ್ಮ ಬೀಗರು ತಗಂತಾರೆ."

"ಹಂಗಾದ್ರೆ ಬೀಗರಿಗೇ ಬಿಡ್ರಿ. ನೀವು ಊಟಕ್ಕೆ ಮಜ್ಜಿಗೆ ಕುಡೀರಿ, ಕಾಳು-ಸೊಪ್ಪು ತಿನ್ರಿ."

"ವ್ಯಾಪಾರ ಮಾಡಾಕೆ ಕುಂತೀಯೋ, ಮಠ ಕಟ್ಟಾಕೋ?" ಎಂದು ನಗುತ್ತ ಅವರು ಹೋದರು.

ಬೇಕಾದವರಿಗೆ ಅವನು ಕೊಡುತ್ತಿದ್ದ. ಡಬ್ಬಿ ತಿರುಗಿಸಿ, ಒಳಗಿರುವ ತಳಿಯ ಹೆಸರು ಓದಿ, ಅದು ಯಾವ ತೊಂದರೆಗೆ, ಯಾವ ದಿನಾಂಕದವರೆಗೆ ಎಂದು ತೋರಿಸುತ್ತಿದ್ದ. "ಜೀವ ಇರೋ ಪದಾರ್ಥ. ಬಿಸಿ ಹಾಲಾಗೆ ಹಾಕಬ್ಯಾಡ್ರಿ, ಸತ್ತೋಗ್ತಾವೆ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಆ ಕೌಂಟರಿನ ಹಿಂದೆ ನಿಂತು ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಸತ್ಯ ಹೇಳುವ ಈ ಚಟವೇ ಅವನಿಗೆ ಅವ್ವನ ಮೊಸರನ್ನು ತಪ್ಪಿಸಿತು.

ಅವ್ವ ಎಂದರೆ ಅವನ ತಾಯಿ ದ್ರಾಕ್ಷಾಯಣಮ್ಮ. ಹರಿಹರದಲ್ಲಿ ಮಗಳ ಮನೆಯಲ್ಲಿದ್ದಾರೆ. ಪ್ರಭು ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದದ್ದು ಅವ್ವನನ್ನು ನೋಡಲು. ಆದರೆ ಅವ್ವ ಹೆಪ್ಪು ಹಾಕಿದ ಮೊಸರಿಗೂ ಹೌದು. ಚಾಕುವಿನಲ್ಲಿ ಕೊಯ್ಯಬಹುದಾದಷ್ಟು ಗಟ್ಟಿ, ಮೇಲೆ ಹಳದಿ ಕೆನೆ. ಆ ಹೆಪ್ಪು ಮದುವೆಯಾಗಿ ಬರುವಾಗ ಕುಕ್ಕುವಾಡದ ತವರಿನಿಂದ ತಂದದ್ದು, ಒಂದು ದಿನವೂ ತಪ್ಪಿಲ್ಲ ಎಂದು ಅವರು ಹೇಳುತ್ತಿದ್ದರು.

ಕಳೆದ ವರ್ಷ ಅವರಿಗೆ ಮೂತ್ರದ ಸೋಂಕಾಗಿ ಹತ್ತು ದಿನ ಆಂಟಿಬಯೋಟಿಕ್ ಕೊಟ್ಟರು. ಹೊಟ್ಟೆ ಕೆಟ್ಟಿತು. ಡಾಕ್ಟರು ಪ್ರೊಬಯಾಟಿಕ್ ಬರೆದರು. ಪ್ರಭು ತಾನೇ ತೆಗೆದುಕೊಂಡು ಹೋಗಿ, ಗಿರಾಕಿಗಳಿಗೆ ಹೇಳುವಂತೆ ಅವ್ವನಿಗೂ ಹೇಳಿದ: "ಇದ್ರಾಗೆ ಜೀವ ಅದಾವೆ ಅವ್ವಾ."

ಅವರು ಕೈ ಹಿಂದೆ ತೆಗೆದರು. "ಕೊರಳಾಗೆ ಲಿಂಗ ಕಟ್ಕಂಡು ಜೀವ ನುಂಗು ಅಂತೀಯೇನೋ?"

"ನಿನ್ನ ಮೊಸರಾಗೂ ಇಂಥವೇ ಅದಾವಲ್ಲವ್ವಾ, ಕೋಟಿಗಟ್ಟಲೆ!"

ವಾದದಲ್ಲಿ ಗೆದ್ದೆ ಎಂದು ನನ್ನ ಮುಂದೆ ಬೀಗಿದ್ದ. ಮುಂದಿನ ಭಾನುವಾರ ಊಟಕ್ಕೆ ಕೂತಾಗ ತಟ್ಟೆಗೆ ಮೊಸರು ಬರಲಿಲ್ಲ. ಅವ್ವ ಇದ್ದ ಮೊಸರನ್ನೆಲ್ಲ ಕೆಳಗಿನ ಮನೆಯ ಆಲಿಯಾಳಿಗೆ ಕೊಟ್ಟು, ಮಡಕೆ ತೊಳೆದು ಬೋರಲು ಹಾಕಿದ್ದರು.

"ಇಷ್ಟು ವರ್ಷ ಗೊತ್ತಿಲ್ದ ತಿಂದೆ, ಶಿವ ಮಾಫಿ ಮಾಡ್ತಾನೆ. ಗೊತ್ತಾದ ಮ್ಯಾಲೆ ಹೆಂಗೆ ತಿನ್ಲಿ?"

ಹುಳಿ ಬಂದದ್ದರಲ್ಲೆಲ್ಲ ಜೀವ ಎಂದು ಮೊಸರಿನ ಜೊತೆ ಅಂಬಲಿ ಹೋಯಿತು, ದೋಸೆಯೂ ಹೋಯಿತು. "ಹಿಟ್ಟು ಹೆಂಚಿನ ಮ್ಯಾಲೆ ಬಿದ್ರೆ ಅವೆಲ್ಲ ಸಾಯ್ತಾವೆ ಅವ್ವಾ" ಎಂದನಂತೆ. "ಜೀವಂತ ಸುಡೋದು ಇನ್ನೂ ದೊಡ್ಡ ಪಾಪ" ಎಂದರಂತೆ ಅವರು. ಹೊಟ್ಟೆ ಹೇಗೋ ಸರಿಹೋಯಿತು. ಆದರೆ ರುಚಿ ಹೋಗಿ, ಊಟ ಕಡಿಮೆಯಾಗಿ ಅವ್ವ ಸೊರಗಿದರು. ಭಾನುವಾರ ಸಂಜೆ ವಾಪಸು ಬರುವಾಗ ಬಸ್ಸು ದಾರಿಯ ಬಾತಿ ಊರನ್ನು ದಾಟಿದ ಕೂಡಲೇ ಪ್ರಭು ನನಗೆ ಫೋನು ಮಾಡುತ್ತಿದ್ದ. ಈಗಲೂ ಭಾನುವಾರ ಆ ಹೊತ್ತಿಗೆ ನಾನು ಫೋನನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

"ಕುಡಿಯೋ ನೀರಾಗೂ ಜೀವ ಅದಾವೆ ಅಂತ ಹೇಳ್ಲೇನೋ?" ಎಂದ ಒಮ್ಮೆ.

"ನೀರೂ ಬಿಟ್ಟಾಳು. ಸುಮ್ನಿರು ಮಾರಾಯ."

ಎಂಟು ತಿಂಗಳು ಹೀಗೇ ಕಳೆಯಿತು. ಆಲಿಯಾ ಅದೇ ಹೆಪ್ಪಿನಿಂದ ಮೊಸರು ಮಾಡಿ ಅವನಿಗೆ ಡಬ್ಬಿ ಕಟ್ಟಿಕೊಡುತ್ತಿದ್ದಳು. "ಅಮ್ಮಂದೇ ಮೊಸರು ಅಣ್ಣ, ಪಾತ್ರೆ ಅಷ್ಟೇ ನಮ್ಮದು" ಎನ್ನುತ್ತಿದ್ದಳು. ಅವನು ಅಂಗಡಿಯಲ್ಲಿ ಅದನ್ನು ತಿನ್ನುತ್ತ, "ಚೆನ್ನಾಗೈತೆ. ಆದ್ರೆ ಅದಲ್ಲ" ಎನ್ನುತ್ತಿದ್ದ.

ಕೊನೆಯ ಶನಿವಾರ ಕೌಂಟರಿನ ಮೇಲೆ ಬಾಗಿ ಕೇಳಿದ: "ಒಂದು ಸುಳ್ಳು ಹೇಳ್ಲೇನೋ?" ನಾನು ಹೇಳು ಎಂದೆ. ನಾನು ಅವನನ್ನು ನೋಡಿದ್ದು ಅದೇ ಕೊನೆ. ಮುಂದಿನದು ದ್ರಾಕ್ಷಾಯಣಮ್ಮ ನನಗೆ ಹೇಳಿದ್ದು.

ಭಾನುವಾರ ಮಧ್ಯಾಹ್ನ ಅವನು ಅವ್ವನ ಮುಂದೆ ಕೂತು, ಮೊಸರಿನಲ್ಲಿ ಇರೋದು ಜೀವ ಅಲ್ಲ ಅಂತ ಹೊಸದಾಗಿ ಕಂಡುಹಿಡಿದಿದ್ದಾರೆ ಎಂದ. ಅವರು ಅವನ ಮುಖವನ್ನೇ ನೋಡಿದರು.

"ಸುಳ್ಳು ಹೇಳುವಾಗ ಕಿವಿ ಕೆರ್ಕಂತೀ ನೀನು. ಸಣ್ಣವನಿದ್ದಾಗಿಂದ."

ಅವನು ಕೈ ಕೆಳಗಿಳಿಸಿದ. "ನನಗ ನಿನ್ನ ಮೊಸರು ಬೇಕವ್ವಾ" ಎಂದ.

ಎಂಟು ತಿಂಗಳು ಅವನು ಅವ್ವನ ಹೊಟ್ಟೆಯ ಮಾತಾಡಿದ್ದ, ಪುಸ್ತಕದ ಮಾತಾಡಿದ್ದ. ಇದೊಂದನ್ನು ಹೇಳಿರಲಿಲ್ಲ.

"ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತೋ ನಿನಗೆ?" ಎಂದು ಅವ್ವ ಎದ್ದು ಹಾಲು ಕಾಸಿದರು. ಆಲಿಯಾಳಿಂದ ಒಂದು ಚಮಚ ಹೆಪ್ಪು ತರಿಸಿದರು. "ನಿನಗ ಮಾತ್ರ. ನನಗ ಬ್ಯಾಡ" ಎಂದರು. ಅವನು ವಾದ ಮಾಡಲಿಲ್ಲ, ಆ ರಾತ್ರಿ ಅಲ್ಲೇ ಉಳಿದ.

ಸೋಮವಾರ ಬೆಳಿಗ್ಗೆ ಅವ್ವ ಮಡಕೆಯ ಮುಚ್ಚಳ ತೆಗೆದು, ಹುಳಿ ಬಂದಿದೆಯೇನೋ ಎಂದು ಬೆರಳದ್ದಿ ನಾಲಿಗೆಗಿಟ್ಟುಕೊಂಡರು. ಅರವತ್ತು ವರ್ಷದ ರೂಢಿ. ಇಟ್ಟುಕೊಂಡ ಮೇಲೆಯೇ ನೆನಪಾಯಿತು. ಪ್ರಭು ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದನಂತೆ. ಅವರಿಗೇ ನಗು ತಡೆಯಲಾಗಲಿಲ್ಲ.

"ಹೋಗ್ಲಿ ಬಿಡು. ಶಿವನಿಗೆ ನಾನೇ ಹೇಳ್ಕಂತೀನಿ. ಇನ್ನೊಂದು ತಟ್ಟೆ ತಗಂಬಾ."

ಇಬ್ಬರೂ ಅನ್ನಕ್ಕೆ ಕಲಸಿಕೊಂಡು ಉಂಡರು. ಮಡಕೆಯ ತಳಕ್ಕಂಟಿದ್ದನ್ನೂ ಅವನು ಬೆರಳಿನಿಂದ ಬಳಿದು ನೆಕ್ಕಿದ.

"ಅಯ್ಯೋ, ಹೆಪ್ಪಿಗೂ ಬಿಡ್ಲಿಲ್ಲವಲ್ಲೋ! ಸಂಜೆಗೆ ಏನು ಹಾಕ್ಲಿ?"

ಅವನು ಕೈ ತೊಳೆದು, ಒಂದು ಬಟ್ಟಲು ಹಿಡಿದುಕೊಂಡು ಮೆಟ್ಟಿಲಿಳಿದ. ಆಲಿಯಾಳ ಬಾಗಿಲು ತಟ್ಟಿ, "ಅವ್ವ ಮತ್ತೆ ಮೊಸರು ಹಾಕ್ತಾಳಂತೆ. ಒಂದು ಚಮಚ ಹೆಪ್ಪು ಕೊಡವ್ವ" ಎಂದು ಬಟ್ಟಲು ಚಾಚಿದ. ಅವನು ಆಡಿದ ಕೊನೆಯ ಮಾತು ಅದೇ.