ಉತ್ತರ ಧ್ರುವಕ್ಕೆ ಹೊದಿಸಿದ ಕಂಬಳಿ

ಕಾಖಂಡಕಿ ಶಾಲೆಯ ಚಂದ್ರಕಾಂತ ಮಾಸ್ತರರು ಇಷ್ಟು ವರ್ಷದ ನೌಕರಿಯಲ್ಲಿ ‘ನನಗೆ ಗೊತ್ತಿಲ್ಲ’ ಎಂದವರೇ ಅಲ್ಲ. ಗೊತ್ತಿಲ್ಲದ್ದು ಬೇಕಾದಷ್ಟಿತ್ತು, ಹಾಗೆಂದು ಹೇಳುವ ರೂಢಿ ಮಾತ್ರ ಇರಲಿಲ್ಲ. ಕೋಳಿ ನೀರು ಕುಡಿದು ಮೇಲಕ್ಕೆ ಯಾಕೆ ನೋಡುತ್ತದೆ ಎಂದು ಮಕ್ಕಳು ಕೇಳಿದರೆ, ದೇವರಿಗೆ ಶರಣು ಮಾಡುತ್ತದೆ ಎಂದು ಹೇಳಿ, ಅದೇ ಉಸಿರಿನಲ್ಲಿ ಹದಿನೇಳರ ಮಗ್ಗಿ ಹೇಳಲು ಹಚ್ಚುತ್ತಿದ್ದರು. ಮಗ್ಗಿಯ ಹೆದರಿಕೆಗೆ ಎರಡನೆಯ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹೀಗಾಗಿ ಊರಿನಲ್ಲಿ ಅವರಿಗೆ ಭಾರಿ ಶಾಣ್ಯಾ ಎಂಬ ಹೆಸರಿತ್ತು.

ಅವರ ಮನೆ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ದಿನಾ ಬೆಳಿಗ್ಗೆ ಬಬಲೇಶ್ವರದ ಕಡೆಯ ಬಸ್ಸಿನಲ್ಲಿ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಮೇಲಿನ ಸರಳು ಹಿಡಿದು ನೇತಾಡುತ್ತ ಹೋಗಬೇಕು. ಜೀವನದಲ್ಲಿ ಅವರಿಗಿದ್ದದ್ದು ಒಂದೇ ಆಸೆ: ವಿಜಯಪುರದೊಳಗಿನ ತರಬೇತಿ ಕೇಂದ್ರದಲ್ಲಿ ಮಾಸ್ತರರಿಗೇ ಪಾಠ ಹೇಳುವ ಮಾಸ್ತರರಾಗಬೇಕು. ಅಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಇತ್ತು, ಕೇಳುವವರೆಲ್ಲ ಪಗಾರ ತೆಗೆದುಕೊಳ್ಳುವ ದೊಡ್ಡವರಾದ್ದರಿಂದ ಪ್ರಶ್ನೆ ಕೇಳುವ ಅಪಾಯವೂ ಇರಲಿಲ್ಲ.

ಆ ಆಸೆಗೆ ದಾರಿ ಮಾಡಿಕೊಟ್ಟದ್ದು ಒಂದು ಸುತ್ತೋಲೆ. ಭೂಮಿ ಬಿಸಿಯಾಗುತ್ತಿದೆ, ಧ್ರುವದ ಹಿಮ ಕರಗುತ್ತಿದೆ, ಇದನ್ನು ಸಣ್ಣ ಮಕ್ಕಳಿಗೂ ತಿಳಿಯುವಂತೆ ಕಲಿಸಬೇಕು, ಜಿಲ್ಲೆಯಲ್ಲಿ ಎಲ್ಲಕ್ಕಿಂತ ಚಂದ ಕಲಿಸಿದವರನ್ನು ತರಬೇತಿ ಕೇಂದ್ರಕ್ಕೆ ತೆಗೆದುಕೊಳ್ಳಲಾಗುವುದು ಎಂದು ಅದರಲ್ಲಿ ಬರೆದಿತ್ತು. ಮಾರ್ಚಿನ ಬಿಸಿಲಿನಲ್ಲಿ ಹೆಂಚಿನಂತೆ ಕಾಯುವ ಕಾಖಂಡಕಿಯಲ್ಲಿ ಕುಳಿತು ಉತ್ತರ ಧ್ರುವದ ಚಳಿಗೆ ಮರುಗುವುದು ಕಷ್ಟದ ಕೆಲಸವೇ. ಮಾಸ್ತರರು ಹಿಮಕರಡಿಯ ಒಂದು ಫ್ಲೆಕ್ಸ್ ಮಾಡಿಸಿ ತಂದು ಗೋಡೆಗೆ ತೂಗುಹಾಕಿದರು. ಕುರಿಗಾರರ ಮಕ್ಕಳು ಅದನ್ನು ದಿಟ್ಟಿಸಿ ನೋಡಿ, ಇದರ ಉಣ್ಣೆ ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತಾರೆ ಎಂದು ಕೇಳಿದರು. ಎರಡು ಸಲ, ಎಂದರು ಮಾಸ್ತರರು.

ಆ ಮಕ್ಕಳ ಮಾತಿನಿಂದಲೇ ಅವರಿಗೆ ಪಾಠ ಹೊಳೆಯಿತು. ಹೊಗೆ, ಗಾಳಿ ಎಲ್ಲ ಸೇರಿ ಭೂಮಿಗೆ ಕಂಬಳಿ ಹೊದಿಸಿದಂತಾಗಿದೆ ಎಂದು ಪುಸ್ತಕದಲ್ಲೇ ಇದೆ. ಅಂದ ಮೇಲೆ ಎರಡು ತಾಟು, ಎರಡು ಐಸಿನ ತುಂಡು. ಒಂದನ್ನು ಹಾಗೇ ಬಿಡುವುದು, ಇನ್ನೊಂದಕ್ಕೆ ಕರಿ ಕಂಬಳಿ ಹೊದಿಸುವುದು. ಕಂಬಳಿಯೊಳಗಿನದು ಬೇಗ ಕರಗುತ್ತದೆ, ಮಕ್ಕಳು ಬೆರಗಾಗುತ್ತಾರೆ, ಪಾಠ ನೋಡಲು ಬರುವ ಸಾಹೇಬರು ಚಪ್ಪಾಳೆ ತಟ್ಟುತ್ತಾರೆ. ಕಂಬಳಿಗೇನು ಬರವಿರಲಿಲ್ಲ. ಮೂರನೆಯ ಇಯತ್ತೆಯ ಗೀತಾಂಜಲಿ ‘ಆಯಿ’ ಎಂದು ಕರೆಯುವ ಅಜ್ಜಿ, ಕುರಿ ಕಾಯುವ ರಾಚವ್ವ, ಮಾಸ್ತರರು ಕೇಳಿದರೆಂಬ ಸಂತೋಷಕ್ಕೆ ತಾನು ಹೊದೆಯುತ್ತಿದ್ದ ಕಂಬಳಿಯನ್ನೇ ಒಗೆದು ಕಳಿಸಿದಳು.

ಪಾಠದ ಹಿಂದಿನ ದಿನ ಗಾಂಧಿ ಚೌಕದ ಹತ್ತಿರದ ಅಬ್ದುಲಸಮದನ ಅಂಗಡಿಯಿಂದ ಮಾಸ್ತರರು ಐಸು ತಂದರು. ಅಬ್ದುಲಸಮದ ಅದನ್ನು ಕಟ್ಟಿಗೆಯ ಹೊಟ್ಟಿನಲ್ಲಿಟ್ಟು, ಗೋಣಿತಟ್ಟು ಸುತ್ತಿ ಕೊಟ್ಟ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆದರೆ ನಮ್ಮ ಮಾಸ್ತರರು ಗೋಣಿತಟ್ಟು ಬಿಚ್ಚಿ ಬಿಸಾಕಿ, ಒಂದು ತುಂಡಿಗೆ ಕಂಬಳಿ ಹೊದಿಸಿ, ಮನೆಯ ಅಂಗಳದಲ್ಲಿ ತಾಲೀಮಿಗೆ ಕುಳಿತರು. ಚಹಾ ಕುಡಿದು ಬಂದು ನೋಡಿದರೆ ಬಯಲಿನಲ್ಲಿಟ್ಟ ಐಸು ನೀರಾಗಿತ್ತು. ಕಂಬಳಿಯೊಳಗಿನದು ಮಾತ್ರ ಮದುವೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಕುಳಿತಲ್ಲೇ ಕುಳಿತಿತ್ತು.

ಹೆಂಡತಿ ನಿರ್ಮಲಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. “ಕರಗಬಾರದಂತನ ಅಲ್ಲೇನ್ರಿ ಐಸ ಮಾರಾವ್ರು ಗೋಣಿತಟ್ಟ ಸುತ್ತೂದು?” ಎಂದಳು.

ಧ್ರುವದ ಐಸು ಬೇರೆ, ಗಾಂಧಿ ಚೌಕದ ಐಸು ಬೇರೆ ಎಂದು ಮಾಸ್ತರರು ಗದರಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ನಾಲ್ಕನೆಯ ಕಾಲು ಕಂಡರೆ ಕತ್ತರಿಸುವುದೊಂದೇ ದಾರಿ. ನಿರ್ಮಲಾಳ ಬೆನ್ನುನೋವಿಗೆ ಕಾಸುವ ರಬ್ಬರಿನ ಚೀಲವೊಂದು ಮನೆಯಲ್ಲಿತ್ತು. ಮರುದಿನ ಅದು ಮಾಸ್ತರರ ಬುತ್ತಿಯ ಜೊತೆ ಕಾಖಂಡಕಿಗೆ ಹೋಯಿತು.

ಪಾಠ ಗೆದ್ದಿತು. ಗೆಲ್ಲದೆ ಏನು, ಕಂಬಳಿಯ ಮಡಿಕೆಯಲ್ಲಿ ಕುದಿನೀರಿನ ಚೀಲವಿತ್ತಲ್ಲ. ಹೊರಗೆ ಬೇವಿನ ನೆರಳಿನಲ್ಲಿ ಸಾಹೇಬರ ಕಾರು, ಒಳಗಿನ ತಂಪು ಹೋಗಬಾರದೆಂದು ಪಾಠ ಮುಗಿಯುವವರೆಗೂ ಗುರುಗುಟ್ಟುತ್ತಲೇ ಇತ್ತು. ಮಾಸ್ತರರು ಕಂಬಳಿ ಎತ್ತಿ ನೀರು ತೋರಿಸಿದಾಗ ಮಕ್ಕಳೆಲ್ಲ ಬಾಯಿ ತೆರೆದರು. ಗೀತಾಂಜಲಿ ಒಬ್ಬಳೇ ಎದ್ದು ನಿಂತು, ನಮ್ಮ ಆಯಿ ಬಿಸಿಲು ತಾಗಬಾರದೆಂದು ಕಂಬಳಿ ಹೊದೆಯುತ್ತಾಳಲ್ಲ ಎಂದು ಮೆಲ್ಲಗೆ ಕೇಳಿದಳು. ಮಾಸ್ತರರು ಅವಳ ತಲೆ ಸವರಿ, ಕಣ್ಣಾರೆ ಕಂಡದ್ದು ಖರೆಯೋ, ಆಯಿ ಹೇಳಿದ್ದು ಖರೆಯೋ ಎಂದರು. ಹುಡುಗಿ ತಾಟನ್ನು ನೋಡಿದಳು, ಮಾಸ್ತರರ ಮುಖ ನೋಡಿದಳು. ನೀವು ಹೇಳಿದ್ದೇ ಖರೆ ಎಂದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಸಾಹೇಬರು.

ಜೂನಿನಲ್ಲಿ ಮಾಸ್ತರರು ತರಬೇತಿ ಕೇಂದ್ರದ ಕುರ್ಚಿಯಲ್ಲಿದ್ದರು. ಫ್ಯಾನು ತಿರುಗುತ್ತಿತ್ತು. ತಿಕೋಟಾ, ಬಬಲೇಶ್ವರದ ಮಾಸ್ತರರು ತಂಡ ತಂಡವಾಗಿ ಬಂದು ಕಂಬಳಿ ಪಾಠ ಕಲಿತು ಹೋದರು. ರಬ್ಬರಿನ ಚೀಲದ ಸಂಗತಿಯೊಂದು ತರಬೇತಿಯಲ್ಲಿ ಇರಲಿಲ್ಲ.

ಕೆಲವೇ ದಿನಗಳಲ್ಲಿ ಫೋನು ಬಡಿದುಕೊಳ್ಳತೊಡಗಿತು. ತಿಕೋಟಾ ಕಡೆಯ ಶಿಕ್ಷಕಿ ಆಮ್ರಪಾಲಿ ಬಾಯಿಯವರು, ನಮ್ಮ ಐಸು ಯಾಕೋ ಕರಗವಲ್ಲದು ಎಂದರು. ನಿಮ್ಮ ಕಂಬಳಿಯಲ್ಲಿ ನೂಲು ಬೆರೆತಿರಬೇಕು ಎಂದರು ಮಾಸ್ತರರು. ಯಾಕೂಬ ಮಾಸ್ತರರಿಗೆ, ನಿಮ್ಮ ವರ್ಗದ ಕೋಣೆ ಬಡಗಣ ದಿಕ್ಕಿಗಿದೆ, ಧ್ರುವದ ಕಡೆಯ ತಂಪು ಬಡಿಯುತ್ತದೆ ಎಂದರು. ಪ್ರತಿಯೊಬ್ಬರೂ ತಮ್ಮದೊಂದೇ ಐಸು ಹಟ ಹಿಡಿದಿದೆ ಎಂದುಕೊಂಡು ನಾಚಿ, ಒಬ್ಬರು ಬಿಸಿ ಬೂದಿ, ಇನ್ನೊಬ್ಬರು ಕಾದ ಇಟ್ಟಿಗೆ, ಮತ್ತೊಬ್ಬರು ಬರೀ ಒಂದು ತಂಬಿಗೆ ನೀರು ಸುರಿದು ಫೋಟೊ ಕಳಿಸಿದರು. ಪಾಠ ನೂರಕ್ಕೆ ನೂರು ಯಶಸ್ವಿ ಎಂದು ಜಿಲ್ಲೆಯಿಂದ ವರದಿ ಹೋಯಿತು. ಅಷ್ಟೂ ಶಾಲೆಯೊಳಗೆ ಕರಗದೆ ಉಳಿದ ಐಸನ್ನೆಲ್ಲ ಕೂಡಿಸಿದ್ದರೆ ನಮ್ಮ ಸೀಮೆಯಲ್ಲೇ ಒಂದು ಸಣ್ಣ ಧ್ರುವ ಆಗುತ್ತಿತ್ತು.

ಮರುವರ್ಷ ಮತ್ತೆ ಮಾರ್ಚು ಬಂತು. ಮಾಸ್ತರರು ಈ ಸಲ ಪಾಠ ತಪಾಸಣೆ ಮಾಡುವ ದೊಡ್ಡವರಾಗಿ ಕಾಖಂಡಕಿಗೆ ಹೊರಟರು. ಬಸ್ಸಿಳಿಯುವಷ್ಟರಲ್ಲಿ ರಾಚವ್ವ ಎದುರಾದಳು. ತಲೆಯ ಮೇಲೆ ಬರೀ ಸೀರೆಯ ಸೆರಗಿತ್ತು. ಮಾಸ್ತರರು ಕುರಿ ಹೇಗಿವೆ ಎಂದು ಕೇಳಿದರು, ಕೇಳಬೇಕಲ್ಲ ಎಂದು.

ಹೋದ ತಿಂಗಳು ಬಬಲೇಶ್ವರದ ದನದ ದವಾಖಾನೆಯಿಂದ ಮರಿಗಳಿಗೆ ಇಂಜೆಕ್ಷನ್ ಔಷಧ ತಂದಿದ್ದಳಂತೆ. ಚುಚ್ಚುವ ರಾಯಪ್ಪ ಬರುವುದು ಮರುದಿನ. ಅಲ್ಲಿಯವರೆಗೆ ತಣ್ಣಗಿರಲೆಂದು ಬಾಟಲಿಯನ್ನು ಐಸಿನ ಗಡಿಗೆಯಲ್ಲಿಟ್ಟು, ಕಂಬಳಿ ಸುತ್ತಿ, ಕುರಿ ಮೇಯಿಸಲು ಹೋಗಿದ್ದಳು. ಶಾಲೆಯಿಂದ ಬಂದ ಗೀತಾಂಜಲಿ ಕಂಬಳಿ ನೋಡಿ ಗಾಬರಿಯಾಗಿ, ಐಸು ಕರಗೀತೆಂದು ಅದನ್ನು ಕಿತ್ತು ಗಡಿಗೆ ಬಿಚ್ಚಿಟ್ಟಿದ್ದಳು. ಸಂಜೆಗೆ ಔಷಧ ಬೆಚ್ಚಗಾಗಿತ್ತು. ಕೆಟ್ಟ ಔಷಧ ಚುಚ್ಚುವುದಿಲ್ಲ ಎಂದು ರಾಯಪ್ಪ ತಿರುಗಿ ಹೋದ. ಮತ್ತೆ ಔಷಧ ಬರುವುದರೊಳಗೆ ಬೇನೆ ಬಂದು ಐದಾರು ಮರಿ ಸತ್ತವು.

ಇನ್ನು ಬೈಗುಳ ಬರುತ್ತದೆ ಎಂದು ಮಾಸ್ತರರು ತಲೆ ತಗ್ಗಿಸಿ ನಿಂತರು.

“ಹುಡಿಗಿದೇನ ತಪ್ಪಿಲ್ರಿ ಯಪ್ಪಾ,” ಎಂದಳು ರಾಚವ್ವ. “ಮಾಸ್ತರ ಹೇಳ್ಯಾರ ಅಂದಮ್ಯಾಲ ಖರೇನ ಇರ್ತೈತಿ. ನಮ್ಮ ಕಂಬಳಿನ ಕೆಟ್ಟು, ಹುಡಿಗಿ ತಗಿಯೂದ್ರಾಗ ಐಸ ಕರಗಿಸಿತ್ತ ಕಾಣ್ತೈತಿ. ಈಗಿನ ಉಣ್ಣಿ ಮೊದಲಿನಂಗ ಇಲ್ಲ. ಹೊಚ್ಚೂದ ಬಿಟ್ಟೇನಿ.”

ಬೈದಿದ್ದರೆ ಮಾಸ್ತರರು ಉತ್ತರ ಕೊಡುತ್ತಿದ್ದರು, ಅವರ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಆದರೆ ಮುದುಕಿಯೊಬ್ಬಳು ತಮ್ಮ ಮಾತು ನಂಬಿ ಬರಿಯ ಸೆರಗಿನಲ್ಲಿ ಆ ಬಿಸಿಲಿಗೆ ನಿಂತದ್ದು ಅವರ ಕರುಳಿಗೆ ಚುಚ್ಚಿತು. ಆ ಕಂಬಳಿಯನ್ನು ಇವತ್ತೊಂದಿನ ಕೊಡು ಎಂದು ಕೇಳಿ, ಅವಳ ಮನೆಯಿಂದ ತೆಗೆದುಕೊಂಡು, ಹೆಗಲಿಗೆ ಹಾಕಿಕೊಂಡು ಶಾಲೆಗೆ ನಡೆದರು.

ಅಲ್ಲಿ ಹೊಸ ಮಾಸ್ತರ ಗೌತಮ ಎಲ್ಲವನ್ನೂ ಸಜ್ಜು ಮಾಡಿಟ್ಟಿದ್ದ. ಕಂಬಳಿಯ ಹಿಂದೆ ಅವನೂ ಒಂದು ಕಾದ ಇಟ್ಟಿಗೆ ಮುಚ್ಚಿಟ್ಟಿದ್ದ. ಮಾಸ್ತರರು ಆ ಇಟ್ಟಿಗೆಯನ್ನು ಹೊರಗಿಟ್ಟು ಬಂದರು. ರಾಚವ್ವನ ಕಂಬಳಿಯನ್ನು ಐಸಿಗೆ ಸುತ್ತಿ, ಮಕ್ಕಳ ನಡುವೆ ಕುಳಿತು ಕಾದರು. ಬಯಲಿನ ತಾಟು ನೀರಾದ ಮೇಲೆ ಕಂಬಳಿ ತೆಗೆದರು. ಐಸು ಇಟ್ಟಲ್ಲೇ ಗಟ್ಟಿಯಾಗಿತ್ತು.

ಏನಾಗಿದೆ ನೋಡಿ ಹೇಳಿರಿ ಎಂದರು.

“ಕಂಬಳ್ಯಾಗಿನ ಐಸ ಕರಗೈತ್ರಿ ಸರ,” ಎಂದು ಇಡೀ ವರ್ಗ ಒಂದೇ ದನಿಯಲ್ಲಿ ಹೇಳಿತು. ಐಸು ಅವರ ಕಣ್ಣ ಮುಂದೆಯೇ ಹೊಳೆಯುತ್ತಿತ್ತು.

ಮಾಸ್ತರರು ಇನ್ನೊಮ್ಮೆ ಕೇಳಿದರು. ಮಕ್ಕಳು ಇನ್ನೂ ಜೋರಾಗಿ ಹೇಳಿದರು. ಅವರು ಐಸನ್ನು ಎತ್ತಿ ಗೀತಾಂಜಲಿಯ ಎರಡೂ ಕೈಗಳಲ್ಲಿಟ್ಟರು. ಹುಡುಗಿ ಕೈಯಲ್ಲಿನ ಗಡ್ಡೆಯನ್ನು ನೋಡಿದಳು, ಮತ್ತೆ ಹೋದ ವರ್ಷದಂತೆಯೇ ಅವರ ಮುಖ ನೋಡಿದಳು. “ಕರಗೈತಿ... ಹೌದಲ್ಲರಿ ಸರ?” ಎಂದಳು. ಬೆರಳು ತಣ್ಣಗಾಗಿ ನಡುಗುತ್ತಿದ್ದರೂ ಉತ್ತರ ಅವರಿಂದಲೇ ಬರಬೇಕೆಂದು ಕಾಯುತ್ತಿದ್ದಳು.

“ಇಲ್ಲವ್ವಾ,” ಎಂದರು ಮಾಸ್ತರರು. “ಅದು ಕರಗಿಲ್ಲ. ಹ್ವಾದ ವರ್ಷಾನೂ ಕಂಬಳಿಯಿಂದ ಕರಗಿದ್ದಿಲ್ಲ. ನಾ ಒಳಗ ಬಿಸಿನೀರ ಇಟ್ಟಿದ್ನಿ. ನಿಮಗ ಸುಳ್ಳ ಹೇಳಿದ್ನಿ.”

ಗೌತಮ ಗೋಡೆಯ ಕಡೆ ತಿರುಗಿ ಹಿಮಕರಡಿಯನ್ನು ನೋಡತೊಡಗಿದ. ಮಾಸ್ತರರು ಮಕ್ಕಳಿಗೆ ಬಿಡಿಸಿ ಹೇಳಿದರು: ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಹೊರಗಿನದನ್ನು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗೆ ಬಿಡುವುದಿಲ್ಲ. ಬಿಸಿಲಿಗೆ ಕಾದ ಭೂಮಿಯ ಕಾವು ಹಾಗೆ ಹೊಗೆಯ ಕಂಬಳಿಯೊಳಗೇ ಸಿಕ್ಕಿಬಿದ್ದದ್ದಕ್ಕೆ ಧ್ರುವದ ಹಿಮ ಕರಗುತ್ತಿದೆ. ಹಾಗಾದರೆ ಸೂರ್ಯನ ಬಿಸಿಲು ಕಂಬಳಿ ದಾಟಿ ಹೇಗೆ ಒಳಗೆ ಬಂತು ಎಂದು ಹಿಂದಿನ ಸಾಲಿನ ಸಮ್ಯಕ್ ಕೇಳಿದ. ಮಾಸ್ತರರ ಬಾಯಿಗೆ ಹದಿನೇಳರ ಮಗ್ಗಿ ಬಂದೇ ಬಿಟ್ಟಿತ್ತು. ಅದನ್ನು ನುಂಗಿಕೊಂಡು, ನನಗೆ ಗೊತ್ತಿಲ್ಲ, ಓದಿ ಬಂದು ಹೇಳುತ್ತೇನೆ ಎಂದರು. ಓದಿ ಬಂದು ಹೇಳಬೇಕೆಂದರೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟು ಮತ್ತೆ ಆ ಬಸ್ಸಿನ ಸರಳಿಗೇ ನೇತಾಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಗೀತಾಂಜಲಿ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಐಸನ್ನು ತಾಟಿನಲ್ಲಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವರ ಹತ್ತಿರ ಬಂದಳು.

“ಹಂಗಾದ್ರ ನಮ್ಮ ಆಯಿ ಕಂಬಳಿ ಚೊಲೋ ಐತೇನ್ರಿ ಸರ?”

“ಭಾಳ ಚೊಲೋ ಐತವ್ವಾ,” ಎಂದರು ಮಾಸ್ತರರು. ಅವಳು ಕಂಬಳಿಯನ್ನು ಎದೆಗೆ ಅವುಚಿಕೊಂಡು, ಹೇಳದೆ ಕೇಳದೆ, ಅಜ್ಜಿ ಕುರಿ ಬಿಟ್ಟಿದ್ದ ಹೊಲದ ಕಡೆಗೆ ಓಡಿದಳು.