ಮೇಲಿನ ಕೋಣೆಯ ಕಿಟಕಿ

ಜೂನ್ ಬಂತೆಂದರೆ ಕಡಲತೀರದ ಊರು ಮಕಾರ್ಸ್ಕಾದ ಜನ ತಮ್ಮ ಮನೆಯೊಳಗೇ ವಲಸೆ ಹೋಗುತ್ತಾರೆ. ಸಮುದ್ರ ಕಾಣುವ ಕೋಣೆಗಳು ರಜೆಗೆಂದು ಬಾಡಿಗೆಗೆ ಬರುವ ಅತಿಥಿಗಳಿಗೆ. ಮನೆಯವರಿಗೆ ಗ್ಯಾರೇಜು, ಹಿತ್ತಿಲಿನ ಅಡುಗೆಮನೆ, ಇಲ್ಲವೇ ವೈನಿನ ಪೀಪಾಯಿ ಇಡುವ ನೆಲಮಾಳಿಗೆ. ಸೆಪ್ಟೆಂಬರ್ ಕೊನೆಗೆ ಎಲ್ಲರೂ ಮತ್ತೆ ಮೇಲೇರುತ್ತಾರೆ. ನೆವೆಂಕಾ ಮದುವೆಯಾದಾಗಿನಿಂದ ಒಂದು ಬೇಸಿಗೆಯೂ ತನ್ನ ಮಂಚದಲ್ಲಿ ಮಲಗಿದವಳಲ್ಲ. ಅದನ್ನು ಕಷ್ಟವೆಂದು ಎಣಿಸಿದವಳೂ ಅಲ್ಲ.

ಹುಟ್ಟಿದ್ದು ಬಿಯೊಕೊವೊ ಬೆಟ್ಟದ ಆಚೆ, ನೀರಿಲ್ಲದ ಹಳ್ಳಿಯಲ್ಲಿ. ಹದಿನೇಳಕ್ಕೆ ಇಳಿದು ಬಂದು ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗ ಸೇರಿದಳು. ಮ್ಯಾನೇಜರಮ್ಮ ಮೊದಲ ದಿನ ಕಲಿಸಿದ ಪಾಠ ಒಂದೇ: ಅತಿಥಿ ಏನೇ ಕೇಳಲಿ, "ಎಲ್ಲ ಚೆನ್ನಾಗಿದೆ" ಎನ್ನಬೇಕು. ಆ ಮಾತು ಅವಳ ಬಾಯಲ್ಲಿ ಉಸಿರಿನಷ್ಟು ಸಲೀಸಾಯಿತು.

ಗಂಡ ಶ್ಪಿರೊ ಕಲ್ಲು ಕೆಲಸದವನು. ಮನೆಯನ್ನು ಒಬ್ಬನೇ ಎಂಬಂತೆ ಕಟ್ಟಿದ. ಮೇಲಂತಸ್ತಿನಲ್ಲಿ ಎರಡು ಕೋಣೆ. ಒಂದು ಬೆಟ್ಟದ ಕಡೆ, ಒಂದು ಸಮುದ್ರದ ಕಡೆ. ಸಮುದ್ರದ ಕಡೆಯ ಕಿಟಕಿಯನ್ನು ಎಲ್ಲರಂತೆ ಸೊಂಟದೆತ್ತರಕ್ಕೆ ಇಡಲಿಲ್ಲ. ಬರಿ ನೆಲದ ಮೇಲೆ ಮಂಚ ಹಾಕಿಸಿ, ನೆವೆಂಕಾಳನ್ನು ಮಲಗಿಸಿ, "ನೀರು ಕಾಣುತ್ತಾ? ಬ್ರಾಚ್ ದ್ವೀಪ ಕಾಣುತ್ತಾ?" ಎಂದು ಕೇಳುತ್ತ ಒಂದೊಂದೇ ಸಾಲು ಕಲ್ಲು ಇಳಿಸಿದ. ಮಲಗಿದವರ ಕಣ್ಣಿನ ಮಟ್ಟಕ್ಕೆ ಕಡಲು ಬಂದು ನಿಂತಿತು. ಮಕ್ಕಳಾಗಲಿಲ್ಲ. ಬೇಸಿಗೆ ಬೇಸಿಗೆಗೂ ಬೇರೆಯವರ ಮಕ್ಕಳು ಆ ಮಂಚದ ಮೇಲೆ ಕುಣಿದರು.

ಈ ವರ್ಷ ಜೂನಿನಲ್ಲಿ ಶ್ಪಿರೊ ಗೋಡೆ ಹಿಡಿದುಕೊಂಡು ತಾನೇ ನೆಲಮಾಳಿಗೆಗೆ ಇಳಿದ. ಜುಲೈ ಮುಗಿಯುವಷ್ಟರಲ್ಲಿ ಏಳಲಾರದಾದ. ನಲವತ್ತು ವರ್ಷ ಒಳಗೆಳೆದುಕೊಂಡ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಗಟ್ಟಿಯಾಗಿತ್ತು. ಡಾಕ್ಟರು ನೆವೆಂಕಾಳನ್ನು ಹೊರಗೆ ಕರೆದು, ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನವರೆಗೂ ಉಳಿಯುವುದು ಅನುಮಾನ ಎಂದರು. ಅಂದರೆ ಅತಿಥಿಗಳು ಖಾಲಿ ಮಾಡುವವರೆಗೆ ಅವನು ಇರುವುದಿಲ್ಲ.

ಶ್ಪಿರೊ ಕೇಳಿದ್ದು ಒಂದೇ.

"ಮೇಲಿನ ಕೋಣೇಲಿ ಮಲಗ್ಬೇಕು ಕಣೇ. ಇಲ್ಲಿ ಬರೀ ಚಪ್ಪಲಿ ಕಾಣುತ್ತೆ."

ನೆಲಮಾಳಿಗೆಯ ಕಿಟಕಿ ಅಂಗಳದ ಮಟ್ಟಕ್ಕಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮುಂದೆ ಒದ್ದೆ ಕಾಲುಗಳು, ಮರಳು ಮೆತ್ತಿದ ಹಿಮ್ಮಡಿಗಳು, ಗಾಳಿ ತುಂಬಿದ ರಬ್ಬರ್ ಮೊಸಳೆಯ ಬಾಲ. ದಡದಿಂದ ಬೇಯಿಸಿದ ಜೋಳ ಮಾರುವವನ ಕೂಗು, ವಿಹಾರದ ದೋಣಿಗಳ ಹಾಡು. ಸಮುದ್ರದ ಸದ್ದೆಲ್ಲ ಬರುತ್ತಿತ್ತು, ಸಮುದ್ರ ಮಾತ್ರ ಬರುತ್ತಿರಲಿಲ್ಲ.

ಮೇಲಿನ ಎರಡೂ ಕೋಣೆಗಳಲ್ಲಿ ಬ್ರ್ನೊ ಊರಿನ ಹಾನಾಳ ಸಂಸಾರವಿತ್ತು. ಹಾನಾ ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಬರುತ್ತಿದ್ದವಳು; ಈಗ ಗಂಡ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಬರುತ್ತಾಳೆ. ಅವಳ ಚೆಕ್ ಮಾತು, ಇವರ ಮಾತು ಅರ್ಧರ್ಧ ಬೆರೆತು ಎಂದೋ ಒಂದೇ ಭಾಷೆಯಾಗಿತ್ತು. ಬಂದ ದಿನವೇ, "ಶ್ಪಿರೊ ಮಾವ ಎಲ್ಲಿ ಅತ್ತೆ?" ಎಂದು ಕೇಳಿದ್ದಳು. ರಜೆಗೆ ಬಂದವರ ಮುಂದೆ ಕಾಯಿಲೆಯ ಮಾತೆತ್ತುವುದು ಹಾಸಿಗೆಯ ಮೇಲೆ ಕೊಳಕು ಚಾದರ ಹಾಕಿಕೊಟ್ಟಂತೆ. ನೆವೆಂಕಾ ನಕ್ಕು, "ಹಳ್ಳಿಗೆ ಹೋಗಿದ್ದಾನಮ್ಮ, ದ್ರಾಕ್ಷಿ ತೋಟ ನೋಡ್ಕೊಳ್ಳೋಕೆ" ಎಂದುಬಿಟ್ಟಿದ್ದಳು.

ಪಕ್ಕದ ಮನೆಯ ಲೂತ್ಸೆಗೆ ಇದನ್ನು ಹೇಳಿದಾಗ ಅವಳು ಬೀನ್ಸ್ ಬಿಡಿಸುವುದನ್ನೇ ನಿಲ್ಲಿಸಿದಳು.

"ನಿನಗೆ ತಲೆ ಕೆಟ್ಟಿದ್ಯಾ? ಅವಳ ತೊಟ್ಟಿಲು ತೂಗಿದೋಳು ನೀನು! ಹೋಗಿ ಬಾಯಿಬಿಟ್ಟು ಹೇಳು. ಅವರೇನು ನಿನ್ನ ತಿಂದುಹಾಕ್ತಾರಾ?"

"ಮಕ್ಕಳು ಹೆದರ್ಕೊಂಡ್ರೆ?"

"ಮಕ್ಕಳು! ಅವಕ್ಕೆ ಐಸ್‌ಕ್ರೀಮ್ ಸಿಕ್ಕಿದ್ರೆ ಮನೇಲಿ ಯಾರಿದಾರೆ ಅಂತಾನೂ ಗೊತ್ತಾಗಲ್ಲ. ನಾಳೆ ಹೇಳ್ತೀಯೋ, ನಾನೇ ಬಂದು ಹೇಳ್ಲೋ?"

"ನಾನೇ ಹೇಳ್ತೀನಿ ಬಿಡು."

ಬೆಳಿಗ್ಗೆ ಹಾನಾಳಿಗೆ ಎಲ್ಲ ತಿಳಿಸುತ್ತೇನೆಂದು ಆ ರಾತ್ರಿ ಶ್ಪಿರೊನಿಗೂ ಹೇಳಿದಳು. ಅವನು ಗಡ್ಡ ಬೋಳಿಸು ಎಂದ. "ಮೇಲೆ ಹೋಗೋನು ಮನುಷ್ಯನ ಹಾಗೆ ಹೋಗ್ಬೇಕು. ನೀನೇನೂ ಜಾಸ್ತಿ ಅಳೋಕೆ ಹೋಗ್ಬೇಡ, ನಿನ್ನ ಮೂಗು ಕೆಂಪಾದ್ರೆ ಮೂಲಂಗಿ ಥರ ಕಾಣುತ್ತೆ." ಬಹಳ ದಿನಗಳ ಮೇಲೆ ಅವನು ನಕ್ಕಿದ್ದ.

ಬೆಳಿಗ್ಗೆ ಅಂಜೂರದ ತಟ್ಟೆ ಹಿಡಿದು ಅವಳು ಅಂಗಳಕ್ಕೆ ಬಂದಳು. ಹಾನಾ ಬಳ್ಳಿಯ ಚಪ್ಪರದ ಕೆಳಗೆ ಕಾಫಿ ಕುಡಿಯುತ್ತಿದ್ದಳು. ನೆವೆಂಕಾ ತಟ್ಟೆ ಇಟ್ಟು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಅತ್ತೆ, ರಾತ್ರಿಯೆಲ್ಲ ಕೆಳಗಡೆ ಯಾರೋ ಕೆಮ್ತಿದ್ರಲ್ಲ? ಯಾರಿಗಾದ್ರೂ ಹುಷಾರಿಲ್ವಾ? ಬೇಕಿದ್ರೆ ನಾವು ನಾಲ್ಕೂ ಜನ ಬೆಟ್ಟದ ಕಡೆ ಕೋಣೇಲಿ ಹೊಂದ್ಕೊಳ್ತೀವಿ. ಹೇಗೂ ಇಡೀ ದಿನ ನೀರಲ್ಲೇ ಇರ್ತೀವಿ."

ಬಾಗಿಲು ತಾನಾಗಿಯೇ ತೆರೆದಿತ್ತು. ಒಂದು ಹೂಂ ಸಾಕಿತ್ತು. ಆದರೆ ಅವಳೊಳಗಿನ ಆ ಹೋಟೆಲಿನ ಹದಿನೇಳರ ಹುಡುಗಿ ಅವಳಿಗಿಂತ ಮೊದಲೇ ಉತ್ತರ ಕೊಟ್ಟಾಗಿತ್ತು.

"ಇಲ್ಲಮ್ಮ, ಎಲ್ಲ ಚೆನ್ನಾಗಿದೆ. ಕೆಳಗೆ ನಾನೊಬ್ಬಳೇ ಇರೋದು. ಅದು ಲೂತ್ಸೆ ಗಂಡ, ಸಿಗರೇಟು ಬಿಡು ಅಂದ್ರೆ ಕೇಳಲ್ಲ. ತಗೋ, ಹಣ್ಣು ತಗೋ."

"ಸದ್ಯ! ನಾನು ಹೆದರಿಬಿಟ್ಟಿದ್ದೆ. ಮಾವಂಗೆ ನಾವು ಕೇಳಿದ್ವಿ ಅಂತ ಹೇಳಿ. ಅವರಿಲ್ದೆ ಈ ಸಲ ಮನೆ ಬಿಕೋ ಅನ್ಸುತ್ತೆ."

"ಹೇಳ್ತೀನಿ."

ಅಂಗಳದ ಮಟ್ಟದ ಕಿಟಕಿ ತೆರೆದೇ ಇತ್ತು. ನೆವೆಂಕಾ ಅದರತ್ತ ನೋಡಲಿಲ್ಲ. ಹಾನಾ ಮಕ್ಕಳನ್ನು ಕರೆದುಕೊಂಡು ದಡಕ್ಕೆ ಹೋದ ಮೇಲೆ ಕೆಳಗಿಳಿದಳು. ಶ್ಪಿರೊ ಬೋಳಿಸಿದ ಕೆನ್ನೆಯ ಮೇಲೆ ಕೈಯಾಡಿಸುತ್ತಿದ್ದ.

"ಕೇಳಿಸ್ತಾ?"

"ಕಿವಿ ಇನ್ನೂ ಸರಿಯಾಗಿದೆ."

"ಮಧ್ಯಾಹ್ನ ಹೇಳ್ತೀನಿ. ಅವರು ಊಟಕ್ಕೆ ಬಂದ ತಕ್ಷಣ."

"ಏನಂತ ಹೇಳ್ತೀಯ? ಸುಳ್ಳು ಹೇಳಿದೆ ಅಂತಾನಾ? ಪಾಪ ಆ ಹುಡುಗಿ ರಜ ಪೂರ್ತಿ ಅಳ್ತಾ ಕೂತ್ಕೋತಾಳೆ. ಬಿಡು." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಲೂತ್ಸೆ ಗಂಡಂಗೆ ಹೇಳು, ನನ್ನ ಕೆಮ್ಮು ಅವನ ಲೆಕ್ಕಕ್ಕೆ ಹೋಯ್ತು ಅಂತ."

ಮಧ್ಯಾಹ್ನ ಅವಳು ಹೇಳಲಿಲ್ಲ. ಸಂಜೆಯೂ ಇಲ್ಲ. ಒಂದು ದಿನದ ಸುಳ್ಳನ್ನು ಬಿಚ್ಚಬಹುದಿತ್ತು. ದಿನ ಕಳೆದಂತೆ ಅದು ಗಾರೆಯಂತೆ ಬಿಗಿಯಿತು. ಶ್ಪಿರೊ ಟವೆಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುವುದನ್ನು ಕಲಿತ.

ಶನಿವಾರ ಹಾನಾಳ ಸಂಸಾರ ಹೊರಟಿತು. ಹಾನಾ ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಶನಿವಾರವೆಂದರೆ ಮನೆಗಳು ಕೈ ಬದಲಿಸುವ ದಿನ. ಹಳಬರು ಬೆಳಿಗ್ಗೆ ಹೋಗುತ್ತಾರೆ, ಹೊಸಬರು ಮಧ್ಯಾಹ್ನ ಬರುತ್ತಾರೆ, ನಡುವೆ ಒಂದಷ್ಟು ಹೊತ್ತು ಕೋಣೆಗಳು ಯಾರವೂ ಅಲ್ಲ. ನೆವೆಂಕಾ ಲೂತ್ಸೆಯ ಗಂಡನ ಕೈಗೆ ಒಂದು ಕುರ್ಚಿ ಕೊಟ್ಟು ಕರೆತಂದು ನೆಲಮಾಳಿಗೆಯ ಬಾಗಿಲಲ್ಲಿ ನಿಂತಳು.

"ಶ್ಪಿರೊ, ಎರಡು ಗಂಟೆ ಹೊತ್ತಾದ್ರೂ ಸಿಗುತ್ತೆ. ಕೂರು, ಎತ್ಕೊಂಡು ಹೋಗ್ತೀವಿ."

ಅವನು ಕುರ್ಚಿಯನ್ನು ನೋಡಿದ. ಆ ಬಿಸಿಲಿನಲ್ಲಿ ಈಗ ನೀರು ಯಾವ ಬಣ್ಣಕ್ಕಿರುತ್ತದೆಂದು ಅವನಿಗೆ ಗೊತ್ತಿತ್ತು; ಅದು ಮುಖದಲ್ಲಿ ಕಂಡಿತು. ಆಮೇಲೆ ತಲೆ ಅಲ್ಲಾಡಿಸಿದ.

"ಹತ್ತೋದು ಹತ್ತಬಹುದು ಕಣೇ. ಮತ್ತೆ ಇಳೀಬೇಕಲ್ಲ. ಅದು ನನ್ನ ಕೈಲಿ ಆಗಲ್ಲ, ನಿನ್ನ ಕೈಲೂ ಆಗಲ್ಲ."

"ಬರೋರನ್ನ ವಾಪಸ್ ಕಳಿಸ್ತೀನಿ."

"ಕಳಿಸಲ್ಲ ನೀನು," ಎಂದ ಶ್ಪಿರೊ. ಕೋಪವಿರಲಿಲ್ಲ. ನಲವತ್ತು ವರ್ಷದ ಪರಿಚಯವಿತ್ತು. "ಹೋಗು, ಹಾಸಿಗೆ ಹಾಕು. ಹೊತ್ತಾಯ್ತು."

ಲೂತ್ಸೆಯ ಗಂಡ ಟೊಪ್ಪಿಗೆ ತಿರುಗಿಸುತ್ತ ಸ್ವಲ್ಪ ನಿಂತು, ಕುರ್ಚಿ ಎತ್ತಿಕೊಂಡು ಹೋದ.

ನೆವೆಂಕಾ ಮೇಲೆ ಹೋಗಿ ಚಾದರದ ಮೂಲೆಗಳನ್ನು ಹೋಟೆಲಿನಲ್ಲಿ ಕಲಿತಂತೆ ಮಡಚಿ ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಕೆಲಸ ಮುಗಿದ ಮೇಲೆ ಮಂಚದ ಅಂಚಿನಲ್ಲಿ ಕೂತಳು. ಸುಕ್ಕಾಗುತ್ತದೆಂದು ಕೂಡಲೇ ಎದ್ದಳು. ಇಳಿಜಾರಿನಲ್ಲಿ ಕಾರೊಂದು ಹಾರ್ನ್ ಹಾಕಿತು. ಮಕ್ಕಳು ಅದರ ಕಿಟಕಿಯಿಂದ ತಲೆ ಹೊರಹಾಕಿ ಕಡಲು ಕಡಲು ಎಂದು ಕೂಗುತ್ತಿದ್ದವು. ಅವಳು ಏಪ್ರನ್ ಬಿಚ್ಚಿ, ಹೊಸ ಅತಿಥಿಗಳ ಸ್ವಾಗತಕ್ಕೆ ರಾಕಿಯಾ ಸಾರಾಯಿಯ ಪುಟ್ಟ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು, ಮೆಟ್ಟಿಲಿಳಿದು ಬಾಗಿಲಿಗೆ ಹೋದಳು.