ನಾಯಿಯ ಚಿತ್ರಕ್ಕೆ ಕೊಟ್ಟ ಸೊನ್ನೆ

ಇದು ಆಗದ ಮಾತು ಎಂದವನು ನನ್ನ ಸೋದರಮಾವ ಚಿಕ್ಕಣ್ಣ. ಮೈಸೂರಿನಲ್ಲಿ ನನ್ನ ಅಪ್ಪ, ಅವ್ವ ಇಬ್ಬರೂ ಬೀದಿ ಬದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ನಾನು ಕಾಲೇಜು ಸೇರುತ್ತೇನೆಂದಾಗ ಮಾವ ಅವ್ವನಿಗೆ, "ಇಸ್ತ್ರಿ ಪೆಟ್ಟಿಗೆ ಹಿಡ್ಯೋ ಮನೇಲಿ ಡಿಗ್ರಿ ಬಂದ್ರೆ ಮೀಸೆ ಬೋಳಿಸ್ತೀನಿ, ತಗೋ" ಎಂದಿದ್ದ. ಬಿ.ಎ. ಆಯಿತು, ಎಂ.ಎ. ಆಯಿತು, ಸ್ಕಾಲರ್‌ಶಿಪ್ ಸಿಕ್ಕಿತು. ಮೀಸೆ ಮಾತ್ರ ಹಾಗೇ ಉಳಿಯಿತು.

1976ರಲ್ಲಿ ನಾನು ಪರ್ತ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಟ್ಯೂಟರ್ ಆಗಿದ್ದೆ. ವಿಷಯ ಡೆವಲಪ್‌ಮೆಂಟಲ್ ಸೈಕಾಲಜಿ, ಅಂದರೆ ಮಗು ಬೆಳೆಯುತ್ತ ಮಾತು, ಬುದ್ಧಿ, ನಡವಳಿಕೆ ಹೇಗೆ ಕಲಿಯುತ್ತದೆ ಎಂಬ ಶಾಸ್ತ್ರ. ಪಾಠದ ಜೊತೆಗೆ ವಿಭಾಗದ ಕ್ಲಿನಿಕ್‌ನಲ್ಲಿ ಮಕ್ಕಳ ಭಾಷಾ ಪರೀಕ್ಷೆ ನಡೆಸುವುದೂ ನನ್ನ ಕೆಲಸ. ಅಲ್ಲಿಗೆ ನಮ್ಮ ಕಡೆಯವರೇ ಆದ ಡಾ. ಸ್ಯಾಮ್ಯುಯೆಲ್ ತಮ್ಮ ಹೆಂಡತಿ ಎಸ್ತರಮ್ಮನನ್ನೂ ಮೂರು ವರ್ಷದ ಮಗಳು ನಿರ್ಮಲಾಳನ್ನೂ ಕರೆತಂದರು. ಮಗುವಿಗೆ ಮಾತು ತಡ ಎಂಬುದು ಅವರ ಚಿಂತೆ.

ಒಂದೊಂದೇ ಚಿತ್ರ ತೋರಿಸಿದೆ. ನಾಯಿಯ ಚಿತ್ರಕ್ಕೆ ಮಗು "ನಾಯಿ" ಎಂದಿತು. ನಾನು ಸೊನ್ನೆ ಬರೆದೆ. ಇಂಗ್ಲಿಷ್ ಉತ್ತರಕ್ಕೆ ಮಾತ್ರ ಅಂಕ ಎಂಬುದು ನಿಯಮ. ಅದು ನಿಯಮವೇನೋ ಹೌದು. ಆದರೆ ಆ ಕೋಣೆಯಲ್ಲಿ ನಾನೂ ಕನ್ನಡದವಳು ಎಂದು ತೋರಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಕನ್ನಡಿ ಮುಂದೆ ನಿಂತು ತಿದ್ದಿ ತಿದ್ದಿ ಕಲಿತ ಇಂಗ್ಲಿಷ್ ನನ್ನದು. ಪುಸ್ತಕದಲ್ಲಿದ್ದ ಸಲಹೆಯನ್ನೇ ಕೊಟ್ಟೆ: ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಮನೆಯಲ್ಲಿ ಕನ್ನಡ ನಿಲ್ಲಿಸಿ.

ಕೋಣೆಯಿಂದ ಹೊರಬಂದ ಮೇಲೆ ಎಸ್ತರಮ್ಮ ಕನ್ನಡದಲ್ಲೇ ಕೇಳಿದರು, "ನಂಗೆ ಬರೋ ಇಂಗ್ಲಿಷು ಹತ್ತು ಮಾತು ಕಣಮ್ಮ. ಉಳಿದ ಹೊತ್ತು ಏನ್ ಮಾಡ್ಲಿ?"

"ಟೀವಿ ಹಾಕಿಡಿ, ಅಕ್ಕ" ಎಂದೆ.

1979ರ ಹೊತ್ತಿಗೆ ನಾನು ಪಿಎಚ್.ಡಿ.ಗೆಂದು ಬ್ರಿಸ್ಬೇನ್‌ಗೆ ಬಂದು ಅಲ್ಲಿನ ವಿಶ್ವವಿದ್ಯಾಲಯವಿರುವ ಸೇಂಟ್ ಲೂಸಿಯಾ ಬಡಾವಣೆಯಲ್ಲಿದ್ದೆ. ಪರ್ತ್‌ನಲ್ಲಿ ಪರೀಕ್ಷಿಸಿದ ಮಕ್ಕಳ ಅಂಕಗಳೇ ನನ್ನ ಥೀಸಿಸ್‌ನ ಅರ್ಧ ಭಾಗ. ಒಂದು ದಿನ ಶಾಲೆಯೊಂದರಿಂದ ನಮ್ಮ ವಿಭಾಗಕ್ಕೆ ಆರು ವರ್ಷದ ಹುಡುಗಿಯೊಬ್ಬಳ ಕಡತ ಬಂತು. ಸಾಮಾನ್ಯ ತರಗತಿಗೆ ತಕ್ಕವಳಲ್ಲ, ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಕಳಿಸಬಹುದೇ ಎಂದು ಅಭಿಪ್ರಾಯ ಕೇಳಿದ್ದರು. ಒಳಗೆ ಮೊದಲ ಹಾಳೆಯೇ ನನ್ನ ಪರ್ತ್ ವರದಿ, ಕೆಳಗೆ ನನ್ನ ಸಹಿ. ಹುಡುಗಿ ನಿರ್ಮಲಾಳೇ; ಅವಳ ತಂದೆ ಡಾಕ್ಟರಿಗೆ ಬ್ರಿಸ್ಬೇನ್‌ನ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು.

ಅವರ ಮನೆಗೆ ಹೋದೆ. ಫ್ರಿಜ್ ಬಾಗಿಲ ಮೇಲೆ ಡಾಕ್ಟರ ಕೈಬರಹದ ಚೀಟಿ, ಔಷಧಿ ಬರೆದ ಹಾಗೇ ಇತ್ತು: ಕನ್ನಡ ಬೇಡ, ಇಂಗ್ಲಿಷ್ ಮೂರು ಹೊತ್ತು, ಮುಂದಿನ ಸೂಚನೆಯವರೆಗೆ. ಮೂರು ವರ್ಷ ಯಾರೂ ಮುಂದಿನ ಸೂಚನೆ ಕೊಟ್ಟಿರಲಿಲ್ಲ. ಡಾಕ್ಟರು ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿ. ಮನೆಯಲ್ಲಿ ತಾಯಿ ಕೈಸನ್ನೆ ಮಾಡುತ್ತಿದ್ದರು, ಮಗು ಟೀವಿ ನೋಡುತ್ತಿತ್ತು. ನಾನು ನಿರ್ಮಲಾಳನ್ನು ಕನ್ನಡದಲ್ಲಿ ಮಾತಾಡಿಸಿದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ಇನ್ನು ಮೇಲೆ ಮಾತಾಡಿ, ತಪ್ಪು ನನ್ನದು ಎಂದೆ. ಎಸ್ತರಮ್ಮ ಕೂಗಾಡಲಿಲ್ಲ. ಕಾಫಿ ಲೋಟ ನನ್ನ ಮುಂದಿಟ್ಟು ಅಂದರು, "ನೀವು ಓದಿದೋರು, ನೀವು ಹೇಳಿದ್ರಿ ಅಂತ ಬಾಯಿ ಮುಚ್ಕೊಂಡೆ. ಜೋಗುಳಾನೂ ನಿಲ್ಲಿಸ್ದೆ. ಈಗ ಮಾತಾಡು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?"

ಅಲ್ಲಿಂದ ನೇರ ವಿಭಾಗಕ್ಕೆ ಬಂದೆ.

ಹಳೆಯ ಅಂಕಪಟ್ಟಿ ತೆಗೆದೆ. ಕನ್ನಡದ ಉತ್ತರಗಳನ್ನು ಸೇರಿಸಿ ಮತ್ತೆ ಎಣಿಸಿದರೆ, ಮಗು ಆಗ ಸರಿಯಾಗೇ ಇತ್ತೆಂದು ತೋರಿಸಬಹುದು ಎಂಬ ಆಸೆ. ಆದರೆ ಅವಳು ಹೇಳಿದ್ದನ್ನು ನಾನು ಬರೆದುಕೊಂಡೇ ಇರಲಿಲ್ಲ. ಪುಟದ ತುಂಬ ಬರೀ ಸೊನ್ನೆಗಳು. "ನಾಯಿ" ಒಂದು ನೆನಪಿತ್ತು, ಮಿಕ್ಕಿದ್ದು ಹೋಗಿತ್ತು.

ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಗೈಡ್‌ಗೆ ಹೇಳಿದೆ. ಹಾಗಾದರೆ ಅದೇ ನಿಯಮದಲ್ಲಿ ಹಾಕಿದ ಪರ್ತ್‌ನ ಅಂಕಗಳೆಲ್ಲ ಥೀಸಿಸ್‌ನಿಂದ ಹೋಗುತ್ತವೆ, ಸ್ಕಾಲರ್‌ಶಿಪ್ ಅವಧಿಯೊಳಗೆ ಮುಗಿಯುವುದಿಲ್ಲ, ಯೋಚಿಸು ಎಂದರು. ಯೋಚಿಸಿದೆ. ಮಾವನ ಮೀಸೆಯೂ ಕಣ್ಣ ಮುಂದೆ ಬಂತು. ಸುಳ್ಳು ಯಾಕೆ ಹೇಳಲಿ, ಒಂದು ವಾರ ಸುಮ್ಮನೆ ಕೂತೆ. ಆಮೇಲೆ ಪರೀಕ್ಷೆ ತಪ್ಪು, ಸಲಹೆ ತಪ್ಪು, ಎರಡೂ ನನ್ನವು ಎಂದು ಶಾಲಾ ಸಮಿತಿಗೆ ಬರೆದೆ.

ಸಮಿತಿ ನನ್ನ ಪತ್ರವನ್ನು ಕಡತಕ್ಕೆ ಸೇರಿಸಿತು. ನಿರ್ಮಲಾಳನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಗೇ ಕಳಿಸಿತು. ಕಾರಣ ಏನೇ ಇರಲಿ, ಮಗು ಈಗ ಹಿಂದುಳಿದಿದೆಯಲ್ಲ ಎಂದರು. ಅದು ನಿಜವೂ ಆಗಿತ್ತು.

ಪ್ರತಿ ಶನಿವಾರ ಅವರ ಮನೆಗೆ ಹೋಗತೊಡಗಿದೆ. ಮಗುವಿಗೆ ಹೇಳಲು ಬಾಯಿ ಬರದಿದ್ದರೆ ಹಿಟ್ಟಿಗೆ ಹೇಳಿ, ಒಗ್ಗರಣೆಗೆ ಹೇಳಿ ಎಂದೆ. ಎಸ್ತರಮ್ಮ ಅಡುಗೆ ಮಾಡುತ್ತ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳಲು ಶುರುಮಾಡಿದರು. ಐದನೆಯ ತಿಂಗಳು, ಹುಡುಗಿ ಕಿವಿಯಿಂದ ಕೈ ತೆಗೆದಳು. ವರ್ಷ ಕಳೆದ ಮೇಲೆ ಒಂದು ದಿನ, ಸಾರು ಬಾಯಿಗಿಟ್ಟು "ಉಪ್ಪು" ಎಂದಳು. ಎಸ್ತರಮ್ಮ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆದರೆ ಸಾಮಾನ್ಯ ತರಗತಿಗೆ ನಿರ್ಮಲಾ ಮರಳಲೇ ಇಲ್ಲ.

ಥೀಸಿಸ್ ಹೊಸದಾಗಿ ಬರೆದೆ. ಮುಗಿಯುವ ಮೊದಲೇ ಅಡಿಲೇಡ್‌ನಲ್ಲಿ ಲೆಕ್ಚರರ್ ಆಗಿದ್ದೆ. ಅಲ್ಲಿ ಪ್ರತಿ ವರ್ಷ ಮೊದಲ ಪಾಠಕ್ಕೆ ಆ ಪರ್ತ್ ಅಂಕಪಟ್ಟಿಯನ್ನೇ, ಮಗುವಿನ ಹೆಸರು ಮುಚ್ಚಿ, ನನ್ನ ಸಹಿ ಮುಚ್ಚದೆ ತೋರಿಸುತ್ತಿದ್ದೆ. ಮಗು ಏನೇ ಹೇಳಲಿ, ಮೊದಲು ಬರೆದುಕೊಳ್ಳಿ, ಅಂಕ ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದು ಬೇರೆಯವರ ಮಗುವಿನ ಮೇಲೆ.

1983ರಲ್ಲಿ ಬ್ರಿಸ್ಬೇನ್‌ನಲ್ಲಿ ಪದವಿ ಪ್ರದಾನ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅವ್ವನನ್ನು ಕರೆಸಿಕೊಂಡಿದ್ದೆ. ಹಿಂದಿನ ಶನಿವಾರ ಅವಳನ್ನು ಎಸ್ತರಮ್ಮನ ಮನೆಗೂ ಕರೆದೊಯ್ದು ನಡೆದದ್ದೆಲ್ಲ ಹೇಳಿದ್ದೆ. ಸಭಾಂಗಣದ ಹೊರಗೆ ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ. ಈಗಷ್ಟೇ ಇಸ್ತ್ರಿಯಾದ ಅಂಗಿ ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿದಳು. ಅಕ್ಷರ ಬಾರದ ಅವ್ವ ಒಂದೊಂದು ಸಾಲನ್ನೂ ನೋಡಿ ಕೇಳಿದಳು:

"ಇದ್ರಲ್ಲಿ ಆ ಕೂಸಿನ ಹೆಸ್ರು ಎಲ್ಲಿ ಬರ್ದವ್ರೆ, ಮಗ?"